ಗೋಡೆಯ ಮೇಲಿನ ಕ್ಯಾಲೆಂಡರ್

ಬ್ರಾಡ್‌ವೇಯ ಸಂಗೀತ ನಾಟಕಕ್ಕೆ ಬಂದವರು ಹಾಡು ಕೇಳಲೆಂದೇ ಬಂದಿರುತ್ತಾರೆ. ‘1776’ ಎಂಬ ನಾಟಕದಲ್ಲಿ ಮಾತ್ರ ಒಂದು ದೃಶ್ಯವಿದೆ. ಸುಮಾರು ಅರ್ಧ ಗಂಟೆ ಒಂದು ಹಾಡೂ ಬರುವುದಿಲ್ಲ. ಅಷ್ಟು ಹೊತ್ತು ವಾದ್ಯದವರಿಗೆ ಕೆಲಸವೇ ಇಲ್ಲ. ಎದ್ದು ಹೊರಗೆ ಹೋಗಿಬನ್ನಿ ಎಂದು ಅವರನ್ನು ಬಿಟ್ಟುಬಿಡುತ್ತಿದ್ದರಂತೆ. ರಂಗದ ಮೇಲೆ ಆಗ ನಡೆಯುವುದು, ಬ್ರಿಟನ್ನಿನಿಂದ ಸ್ವತಂತ್ರವಾಗಬೇಕೇ ಬೇಡವೇ ಎಂದು ಚರ್ಚಿಸುವ ಅಮೆರಿಕದ ವಸಾಹತುಗಳ ಸಭೆ. ಫಿಲಡೆಲ್ಫಿಯಾದ ಬೇಸಗೆಯಲ್ಲಿ ಬೆವರು ಒರೆಸಿಕೊಳ್ಳುತ್ತ, ನೊಣ ಓಡಿಸುತ್ತ ಕೂತ ಪ್ರತಿನಿಧಿಗಳು. ಠರಾವು, ಅನುಮೋದನೆ, ತಕರಾರು, ಮತ. ಹೆಚ್ಚು ಕಡಿಮೆ ನಮ್ಮ ಸಹಕಾರ ಸಂಘದ ವಾರ್ಷಿಕ ಮಹಾಸಭೆಯ ಹಾಗೆ. ಇದನ್ನು ನೋಡಲು ಜನ ಮುಗಿಬಿದ್ದರು. 1969ರ ಮಾರ್ಚ್ 16ರಂದು ಶುರುವಾದ ನಾಟಕ 1,217 ಪ್ರದರ್ಶನ ಕಂಡಿತು. ಆ ವರ್ಷದ ಟೋನಿ ಪ್ರಶಸ್ತಿಯ ಕಣದಲ್ಲಿ ‘ಹೇರ್’ ಎಂಬ ರಾಕ್ ಸಂಗೀತ ನಾಟಕವೂ ಇತ್ತು. ಗೆದ್ದದ್ದು ಈ ಸಭೆಯ ನಾಟಕ.

ಈ ಸಭೆಯಲ್ಲೊಂದು ನಾಟಕವಿದೆ ಎಂದು ಮೊದಲು ಕಂಡವರು ಷರ್ಮನ್ ಎಡ್ವರ್ಡ್ಸ್. ಜಾಝ್ ಪಿಯಾನೊ ನುಡಿಸುತ್ತಿದ್ದವರು, ಜಾನಿ ಮ್ಯಾಥಿಸ್ ಹಾಡಿ ಹೆಸರು ಮಾಡಿದ ‘ವಂಡರ್‌ಫುಲ್! ವಂಡರ್‌ಫುಲ್!’ಗೆ ರಾಗ ಹಾಕಿದವರು. ಓದಿದ್ದು ಇತಿಹಾಸ. ಸ್ವಲ್ಪ ಕಾಲ ಹೈಸ್ಕೂಲಿನಲ್ಲಿ ಅದನ್ನೇ ಪಾಠ ಹೇಳಿದ್ದರು. ಮೇಷ್ಟರ ಚಪಲ ಬಿಡಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಪಾಪ್ ಹಾಡಿನ ಕಸುಬನ್ನು ಬದಿಗಿಟ್ಟು, ವರ್ಷಗಟ್ಟಲೆ ಹಳೆಯ ಪತ್ರಗಳನ್ನು, ಟಿಪ್ಪಣಿಗಳನ್ನು ಓದುತ್ತ ಕೂತರು. ಅಲ್ಲಿ ಅವರಿಗೆ ಸಿಕ್ಕವನು ಜಾನ್ ಆಡಮ್ಸ್. ಸ್ವಾತಂತ್ರ್ಯ ಬೇಕೆಂದು ದಿನವೂ ಎದ್ದು ನಿಂತು ಕೊರೆಯುತ್ತ ಎಲ್ಲರಿಗೂ ತಲೆನೋವಾಗಿದ್ದ ಮನುಷ್ಯ. ತಾನು ಯಾರಿಗೂ ಬೇಡವಾಗಿದ್ದೆ ಎಂದು ಮುದಿವಯಸ್ಸಿನಲ್ಲಿ ಅವನೇ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ.

ನಿರ್ಮಾಪಕ ಸ್ಟುವರ್ಟ್ ಆಸ್ಟ್ರೊ ಒಪ್ಪಿದರು, ಆದರೆ ಮಾತು ಬರೆಯಲು ಬೇರೆಯವರು ಬೇಕೆಂದರು. ಕರೆದದ್ದು ಸಿನಿಮಾದಲ್ಲಿ ಆಸ್ಕರ್ ಪಡೆದಿದ್ದ ಪೀಟರ್ ಸ್ಟೋನ್ ಅವರನ್ನು. ಸ್ಟೋನ್ ಒಲ್ಲೆ ಎಂದರು. ಪಠ್ಯಪುಸ್ತಕದ ಮಹನೀಯರು ವಿಗ್ ಹಾಕಿಕೊಂಡು ಹಾಡುವುದೇ? ಕೊನೆಗೊಮ್ಮೆ ಎಡ್ವರ್ಡ್ಸ್ ಪಿಯಾನೊ ಮುಂದೆ ಕೂತು ಮೊದಲ ಹಾಡು ಕೇಳಿಸಿದರು. ಅದರಲ್ಲಿ ಇಡೀ ಸಭೆ ಆಡಮ್ಸನಿಗೆ ಗದರಿ ಕೂರಲು ಹೇಳುತ್ತದೆ, ಜೊತೆಗೇ ಸೆಕೆಗೆ ಕಿಟಕಿ ತೆಗೆಯಬೇಕೋ ನೊಣಕ್ಕೆ ಮುಚ್ಚಬೇಕೋ ಎಂದು ಜಗಳವಾಡುತ್ತದೆ. ಸ್ಟೋನ್ ಅಲ್ಲೇ ಸೋತರು. ಕಿಟಕಿಗಾಗಿ ಕಚ್ಚಾಡುವವರು ವಿಗ್ರಹಗಳಲ್ಲ, ಮನುಷ್ಯರು.

ಉಳಿದದ್ದು ದೊಡ್ಡ ಕಗ್ಗಂಟು. ಅಮೆರಿಕ ಸ್ವತಂತ್ರವಾದದ್ದು ಮಗುವಿಗೂ ಗೊತ್ತು. ಕುತೂಹಲ ಎಲ್ಲಿಂದ ತರುವುದು? ಕೃಷ್ಣ ಸಂಧಾನದ ಕೊನೆ ಗೊತ್ತಿದ್ದೂ ಬೆಳತನಕ ತಾಳಮದ್ದಳೆ ಕೇಳುವ ನಮಗೆ ಇದು ಕಗ್ಗಂಟೆನಿಸದು, ಆದರೆ ಬ್ರಾಡ್‌ವೇಯ ಜನಕ್ಕೆ ಅಂಥ ರೂಢಿಯಿಲ್ಲ. ಸ್ಟೋನ್ ಕಂಡುಕೊಂಡ ಉಪಾಯ ಎರಡು ಸಾಮಾನು. ಗೋಡೆಗೊಂದು ಕ್ಯಾಲೆಂಡರ್, ಪಕ್ಕದಲ್ಲಿ 13 ವಸಾಹತುಗಳ ಹೆಸರಿರುವ ಮತಫಲಕ. ಎಲ್ಲರೂ ಒಮ್ಮತದಿಂದ ಒಪ್ಪಿದರೆ ಮಾತ್ರ ಸ್ವಾತಂತ್ರ್ಯವೆಂದು ಸಭೆ ನಿಯಮ ಮಾಡಿಕೊಳ್ಳುತ್ತದೆ. ಕ್ಯಾಲೆಂಡರಿನ ಹಾಳೆ ಒಂದೊಂದಾಗಿ ಹರಿಯುತ್ತದೆ, ಜುಲೈ ಹತ್ತಿರವಾಗುತ್ತದೆ, ಫಲಕದಲ್ಲಿ ‘ಬೇಡ’ದ ಕಡೆಯ ಹೆಸರುಗಳು ಕದಲುವುದೇ ಇಲ್ಲ. ನೋಡುವವನಿಗೆ ತನ್ನ ದೇಶ ಹುಟ್ಟಿದ್ದರ ಬಗ್ಗೆಯೇ ಅನುಮಾನ ಬರತೊಡಗುತ್ತದೆ! ಇದಕ್ಕಾಗಿ ಇತಿಹಾಸವನ್ನು ಅಲ್ಲಲ್ಲಿ ಬಗ್ಗಿಸಿದ್ದೂ ಉಂಟು. ನಾಟಕದಲ್ಲಿ ಜುಲೈ 4ರಂದು ಪ್ರತಿನಿಧಿಗಳು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕುತ್ತಾರೆ. ನಿಜದಲ್ಲಿ ಮತ ಬಿದ್ದದ್ದು ಜುಲೈ 2ರಂದು, ಬಹುಪಾಲು ಸಹಿಗಳು ಆಗಸ್ಟ್ 2ರಂದು. ನನ್ನ ಮಟ್ಟಿಗೆ ಇದು ಕ್ಷಮಿಸಬಹುದಾದ ತಪ್ಪು.

ಬಗ್ಗಿಸದೆ ಉಳಿಸಿಕೊಂಡದ್ದೇ ಹೆಚ್ಚು ಮುಖ್ಯ. ಘೋಷಣೆಯ ಕರಡು ಬರೆದ ಪ್ರತಿನಿಧಿ ಜೆಫರ್ಸನ್ ಅದರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಒಂದು ಪ್ಯಾರಾ ಬರೆದಿದ್ದ. ತನ್ನ ಆಯುಷ್ಯದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದವನೂ ಅವನೇ. ಸಭೆ ಆ ಪ್ಯಾರಾ ಹೊಡೆದುಹಾಕಿತು. ನಾಟಕದಲ್ಲಿ ದಕ್ಷಿಣ ಕೆರೊಲಿನಾದ ರಟ್ಲೆಜ್ ಎದ್ದು, ಉತ್ತರದವರ ಹಡಗುಗಳೇ ಕಾಕಂಬಿ, ರಮ್ಮು, ಮನುಷ್ಯರನ್ನು ಹೇರಿಕೊಂಡು ದುಡ್ಡು ಮಾಡುತ್ತಿಲ್ಲವೇ ಎಂದು ಹಾಡಿನಲ್ಲೇ ಮುಖಕ್ಕೆ ಹೊಡೆದಂತೆ ಕೇಳುತ್ತಾನೆ. ಆ ಸಾಗಣೆಯ ವ್ಯಾಪಾರದಿಂದ ಉತ್ತರದವರಿಗೂ ಅಳುಕಿತ್ತೆಂದು ಜೆಫರ್ಸನ್ ತಾನೇ ದಾಖಲಿಸಿದ್ದಾನೆ.

1997ರಲ್ಲಿ ಒಂದು ಮರುಪ್ರಯೋಗವಾಯಿತು. ಚೆನ್ನಾಗಿಯೇ ಓಡಿತು, ಹೊಸದೇನನ್ನೂ ಹುಡುಕಲಿಲ್ಲ. ಹುಡುಕಿದ್ದು 2022ರದು. ಡಯೇನ್ ಪೌಲಸ್ ಮತ್ತು ಜೆಫ್ರಿ ಎಲ್. ಪೇಜ್ ನಿರ್ದೇಶಿಸಿದ್ದು. ಕೋವಿಡ್‌ನಿಂದಾಗಿ ತಡವಾಗಿ, ಮೊದಲು ಹಾರ್ವರ್ಡ್ ಊರಾದ ಕೇಂಬ್ರಿಜ್‌ನಲ್ಲಿ, ಆಮೇಲೆ ಬ್ರಾಡ್‌ವೇಯಲ್ಲಿ ಬಂತು. ಪಾತ್ರವರ್ಗದಲ್ಲಿ ಹೆಂಗಸರು, ಟ್ರಾನ್ಸ್ ಕಲಾವಿದರು, ಗಂಡು–ಹೆಣ್ಣೆಂಬ ಗೆರೆಗೆ ಸಿಗದವರು. 1776ರ ಆ ಸಭೆಯ ಬಾಗಿಲು ಇವರಲ್ಲಿ ಯಾರಿಗೂ ತೆರೆಯುತ್ತಿರಲಿಲ್ಲ. ಕ್ರಿಸ್ಟಲ್ ಲ್ಯೂಕಸ್-ಪೆರಿ ಎಂಬ ಕಪ್ಪು ನಟಿ ಆಡಮ್ಸ್ ಆದರು. ಜೆಫರ್ಸನ್ ಆದ ಎಲಿಜಬೆತ್ ಎ. ಡೇವಿಸ್ ಆಗ ತುಂಬು ಬಸುರಿ. ಹೊಟ್ಟೆ ಕಾಣುವಂತೆಯೇ ಘೋಷಣೆ ಬರೆಯಲು ಕೂತರು. ಆಡಮ್ಸನ ಹೆಂಡತಿ ಅಬಿಗೇಲ್, ಹೊಸ ಕಾನೂನಿನಲ್ಲಿ ಹೆಂಗಸರನ್ನು ಮರೆಯಬೇಡಿ ಎಂದು 1776ರ ಮಾರ್ಚ್‌ನಲ್ಲಿ ಬರೆದ ಪತ್ರದ ಮಾತನ್ನೂ ನಿರ್ದೇಶಕರು ಸೇರಿಸಿಕೊಂಡರು.

ಈ ಪ್ರಯೋಗ ತೊಡಗುವುದು ಹೀಗೆ: ಇಂದಿನ ಉಡುಪಿನಲ್ಲಿ ಬಂದ ಕಲಾವಿದರು ಪ್ಯಾಂಟನ್ನು ಮೊಣಕಾಲಿಗೆ ಏರಿಸುತ್ತಾರೆ, ಬಿಳಿ ಕಾಲುಚೀಲ ಎಳೆದುಕೊಳ್ಳುತ್ತಾರೆ, ಬಕಲ್ ಇರುವ ಹಳೆಗಾಲದ ಬೂಟಿಗೆ ಕಾಲಿಡುತ್ತಾರೆ. ಅಷ್ಟೇ. ಪಾದುಕೆ ರಾಜ್ಯವಾಳಿದ ಕತೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲಿನ ಕೆಲವು ಹಾಡುಗಳಲ್ಲಿ ನಿರ್ದೇಶಕರು ಅರ್ಥವನ್ನು ಇನ್ನೂ ಗಟ್ಟಿಯಾಗಿ ಕೂಗಿ ಹೇಳಿದರೆಂದು ಕೆಲವು ವಿಮರ್ಶಕರು ಮುಖ ಸಿಂಡರಿಸಿದರು. ನನಗೂ ಆ ಬೂಟುಗಳೇ ಸಾಕಿತ್ತು ಅನಿಸುತ್ತದೆ.

ಬ್ರಾಡ್‌ವೇಯಲ್ಲಿ ಈ ಪ್ರಯೋಗ 2023ರ ಜನವರಿ 8ರಂದು ಮುಗಿಯಿತು. ಎಡ್ವರ್ಡ್ಸ್ ಮತ್ತೊಂದು ಬ್ರಾಡ್‌ವೇ ನಾಟಕ ಬರೆಯದೆಯೇ 1981ರಲ್ಲಿ ತೀರಿಕೊಂಡಿದ್ದರು. ಅವರ ನಾಟಕ ಮೊದಲು ತೆರೆ ಕಂಡ 46ನೇ ಬೀದಿಯ ರಂಗಮಂದಿರಕ್ಕೆ ಈಗ ರಿಚರ್ಡ್ ರಾಜರ್ಸ್ ಹೆಸರು. 2015ರಿಂದ ಅಲ್ಲಿ ಆಡುತ್ತಿರುವುದು ಅದೇ ಕಾಲದ ಮತ್ತೊಬ್ಬ ನಾಯಕನ ಕತೆಯ ಸಂಗೀತ ನಾಟಕ ‘ಹ್ಯಾಮಿಲ್ಟನ್’.