ಫೋಟೋಶಾಪ್‌ನಲ್ಲಿ ಕನ್ನಡ ಒತ್ತಕ್ಷರ ಒಡೆಯುವುದೇಕೆ? ಪರಿಹಾರ ಏನು?

ಚಪಳಗಾಂವ: ಲಗ್ನಪತ್ರಿಕೆ ಇರಲಿ, ಜಾತ್ರೆಯ ಬ್ಯಾನರ್ ಇರಲಿ, ಗಡಿಭಾಗದ ಹಳ್ಳಿಗಳಲ್ಲಿ ಮರಾಠಿಯ ಜೊತೆ ಕನ್ನಡವೂ ಬೇಕು. ಮಜಕೂರು ಮೊಬೈಲಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಅದನ್ನೇ ಡಿಟಿಪಿ ಅಂಗಡಿಯಲ್ಲಿ ಹಳೆಯ ಫೋಟೋಶಾಪ್‌ಗೆ ಹಾಕಿದರೆ 'ಅಕ್ಕಲಕೋಟ' ಎಂಬುದು 'ಅಕ್‌ಕಲಕೋಟ' ಆಗುತ್ತದೆ, 'ಶ್ರೀ' ಎಂಬುದು 'ಶ್‌ರೀ' ಆಗುತ್ತದೆ. ಆಪರೇಟರ್‌ಗೆ ಕನ್ನಡ ಓದಲು ಬಾರದಿದ್ದರೆ ತಪ್ಪು ಹಾಗೆಯೇ ಅಚ್ಚಾಗುತ್ತದೆ. ಐನೂರು ಪತ್ರಿಕೆ ಅಚ್ಚಾದ ಮೇಲೆ ತಿದ್ದಲು ದಾರಿಯಿಲ್ಲ.

ಕಾರಣ ಏನು?

'ಕ್ಕ' ನೋಡಲು ಒಂದೇ ಅಕ್ಷರ. ಆದರೆ ಯುನಿಕೋಡ್‌ನಲ್ಲಿ ಅದು ಕ, ಹಲಂತ, ಕ ಎಂಬ ಮೂರು ಸಂಕೇತಗಳು. ಇವನ್ನು ಕೂಡಿಸಿ ಒತ್ತಕ್ಷರ ಮಾಡಿ ತೋರಿಸುವುದು ತಂತ್ರಾಂಶದ ಕೆಲಸ. ಹಳೆಯ ಫೋಟೋಶಾಪ್‌ಗೆ ಆ ಕೆಲಸ ಗೊತ್ತಿರಲಿಲ್ಲ. ಮರಾಠಿಗೂ ಇದೇ ತೊಂದರೆ. ಅಕ್ಷರದ ಎಡಕ್ಕೆ ಬರಬೇಕಾದ ಪಹಿಲಿ ವೇಲಾಂಟಿ ಬಲಕ್ಕೆ ಬಂದು ಕೂರುತ್ತದೆ.

ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಹೀಗಾಗುವುದಿಲ್ಲ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿವೆ. ಆದರೆ ಅದೇ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಏನು ಮಾಡಬೇಕು?

1. ಫೋಟೋಶಾಪ್ ಸಿಸಿ ಇದ್ದರೆ ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ 'ಟೈಪ್' ತೆರೆದು 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಶಿಯನ್' ಆರಿಸಬೇಕು. ತಂತ್ರಾಂಶವನ್ನು ಮುಚ್ಚಿ ತೆರೆದು, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ 'ವರ್ಲ್ಡ್ ರೆಡಿ ಲೇಔಟ್' ಒತ್ತಬೇಕು. ಹೊಸ ಆವೃತ್ತಿಯಲ್ಲಿ ಮೊದಲಿನ ಆಯ್ಕೆ ಕಾಣದಿದ್ದರೆ ನೇರವಾಗಿ ಎರಡನೆಯದನ್ನೇ ನೋಡಬೇಕು. ಫಾಂಟ್ ಯುನಿಕೋಡ್‌ನದೇ ಇರಬೇಕು. ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ.

2. ಹಳೆಯ ಫೋಟೋಶಾಪ್ ಇದ್ದರೆ ವಾಟ್ಸಾಪ್‌ನಲ್ಲಿ ಬಂದ ಯುನಿಕೋಡ್ ಮಜಕೂರನ್ನು ನುಡಿ ಅಥವಾ ಬರಹದ ಪರಿವರ್ತಕದಲ್ಲಿ ಹಾಕಿ, ಹಳೆಯ ಫಾಂಟ್‌ಗೆ ಬದಲಿಸಿ ಅಂಟಿಸಬೇಕು.

3. ಮನೆಯಲ್ಲೇ ಮಾಡುವವರಿಗೆ ಜಿಂಪ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಯುನಿಕೋಡ್ ಕನ್ನಡ ಒಡೆಯದೆ ಮೂಡುತ್ತದೆ.

4. ಸೊಲ್ಲಾಪುರಕ್ಕೆ ಮುದ್ರಣಕ್ಕೆ ಕಳಿಸುವಾಗ ಫಾಂಟ್ ಸೇರಿಸಿದ ಪಿಡಿಎಫ್ ಕೊಡಬೇಕು. ತಿದ್ದಬಲ್ಲ ಪಿಎಸ್‌ಡಿ ಕಡತ ತಮ್ಮ ಬಳಿಯೇ ಇರಲಿ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಸ್ಪಷ್ಟತೆ ಕೆಡುವುದಿಲ್ಲ.

ಮಜಕೂರನ್ನು ಕೈಬರಹದ ಚೀಟಿಯ ಫೋಟೋ ತೆಗೆದು ಕಳಿಸುವುದಕ್ಕಿಂತ ಟೈಪ್ ಮಾಡಿ ಕಳಿಸುವುದು ಒಳ್ಳೆಯದು. ಕನ್ನಡ ಬಾರದ ಆಪರೇಟರ್ ಅದನ್ನು ನಕಲು ಮಾಡಿ ಅಂಟಿಸಿದರೆ ಸಾಕು, ಅಕ್ಷರ ಊಹಿಸಬೇಕಾಗಿಲ್ಲ.

ಕೊನೆಗೆ ಪ್ರೂಫ್ ನೋಡದೆ ಅಚ್ಚಿಗೆ ಒಪ್ಪಿಗೆ ಕೊಡಬಾರದು. ಮರಾಠಿ ಶಾಲೆಯಲ್ಲಿ ಕಲಿತ ಹುಡುಗರಿಗೆ ಕನ್ನಡ ಮಾತು ಬಂದರೂ ಓದಲು ಬಾರದಿರಬಹುದು. ಆದ್ದರಿಂದ ಮನೆಯಲ್ಲಿ ಕನ್ನಡ ಓದಬಲ್ಲ ಹಿರಿಯರಿಗೆ ಪ್ರೂಫ್ ತೋರಿಸಿ, ಹೆಸರು, ಊರು, ತಿಥಿಗಳನ್ನು ಒಂದೊಂದಾಗಿ ಓದಿಸಿಕೊಳ್ಳಬೇಕು.