20 ಟನ್ ಹಿಟಾಚಿ ಟ್ರೇಲರ್ ಮೇಲಿಂದ ಜಾರುವುದಿಲ್ಲವೇ?

'ಅಷ್ಟು ಭಾರದ ಹಿಟಾಚಿ ಎಲ್ಲಿ ಜಾರುತ್ತೆ? ಸರಪಳಿ ಯಾಕೆ?' ಎಂಬ ಮಾತು ನೀವೂ ಕೇಳಿರಬಹುದು. ಇದು ತಪ್ಪು.

ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುವುದು ನಿಜ. ಆದರೆ ಬ್ರೇಕ್ ಹಾಕಿದಾಗ ಯಂತ್ರವನ್ನು ತಡೆಯಲು ಬೇಕಾದ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಹಾಗಾಗಿ 2 ಟನ್ ಇರಲಿ, 20 ಟನ್ ಇರಲಿ, ಜಾರುವ ಸಾಧ್ಯತೆ ಒಂದೇ. ಅದೂ ಕಬ್ಬಿಣದ ಮೇಲೆ ಕಬ್ಬಿಣ; ನಡುವೆ ಕೆಸರಿದ್ದರೆ ಸೋಪು ಹಚ್ಚಿದ ಹಾಗೆ. ಜಾರಿದರೆ ಮುಂದಿರುವುದು ಡ್ರೈವರ್ ಕ್ಯಾಬಿನ್!

ಅಮೆರಿಕದ ನಿಯಮದಂತೆ ಸುಮಾರು 4.5 ಟನ್ ಮೀರಿದ ಇಂಥ ಯಂತ್ರಕ್ಕೆ ಕನಿಷ್ಠ 4 ಕಟ್ಟು ಬೇಕು. ಬಕೆಟ್ ಇಳಿಸಿ ಅದನ್ನೂ ಬಿಗಿಯಬೇಕು. ಹತ್ತಿಸುವಾಗ ನೆಲ ಸಮತಟ್ಟಾಗಿರಲಿ. ಪಕ್ಕದಲ್ಲೇ ನಿಂತು 'ಬಾ, ಬಾ' ಎನ್ನುವವರು ದೂರ ಸರಿಯಲಿ. ದಾರಿಯ ಕುಲುಕಾಟಕ್ಕೆ ಸರಪಳಿ ಸಡಿಲವಾಗುತ್ತದೆ, ಸ್ವಲ್ಪ ದೂರ ಹೋಗಿ ಮತ್ತೆ ಬಿಗಿ ಮಾಡಿ.