ನೆಲ ಒರೆಸುವ ಮಾಸ್ತರು

ಸಿದ್ದಾಪುರ ಪೇಟೆ ಹಿಂದಾಗಿ, ಅಡಿಕೆ ತೋಟದ ನಡುವಿನ ಕೆಮ್ಮಣ್ಣಿನ ದಾರಿ ಹಿಡಿದರೆ ಮೊದಲು ಕೇಳುವುದು ಮಳೆ. ಕಿವಿ ಒಗ್ಗಿದ ಮೇಲೆ, ಮಳೆಯ ಹಿಂದಿನಿಂದ ಮದ್ದಲೆ. ಛತ್ರಿ ಮಡಚಿ ಜಗುಲಿಯ ಮೂಲೆಗೆ ಒರಗಿಸಿ, ಸದ್ದು ಮಾಡದೆ ಈ ಕಂಬದ ಪಕ್ಕ ಕೂತುಬಿಡಿ. ಒಳಗೆ ಏಳೆಂಟು ಮಕ್ಕಳು. ಒಬ್ಬ ಯಲ್ಲಾಪುರದಿಂದ ಅಜ್ಜನ ಮನೆಗೆ ಬಂದವನು. ಹಸಿ ಕಂಬಳಿಯ ವಾಸನೆ, ಬಚ್ಚಲೊಲೆಯ ಹೊಗೆ, ಬೆವರು, ಯಾರದೋ ಕಾಲಿಗೆ ಹಚ್ಚಿದ ನೋವಿನೆಣ್ಣೆ ಎಲ್ಲ ಸೇರಿ ಗಾಳಿ ದಪ್ಪಗಾಗಿದೆ. ಮೇಳಗಳ ತಿರುಗಾಟ ಮುಗಿದು ಯಕ್ಷಗಾನದ ಕಲಿಕೆಗೆ ಬಿಡುವಾಗುವುದು ಈ ದಿನಗಳಲ್ಲೇ.

ಆದರೆ ಈ ಥಂಡಿಗೆ ನೆಲವೇ ಬೆವರುತ್ತದೆ. ಮಾಸ್ತರು ತಾಳ ಕೈಗೆತ್ತಿಕೊಳ್ಳುವ ಮೊದಲು ಒಣ ಬಟ್ಟೆ ತಂದು ನೆಲ ಒರೆಸುತ್ತಾರೆ, ಬರಿಗಾಲಲ್ಲಿ ಉಜ್ಜಿ ನೋಡುತ್ತಾರೆ, ಮತ್ತೊಮ್ಮೆ ಒರೆಸುತ್ತಾರೆ. ಆಮೇಲೆ ನಿಧಾನದ ಹೆಜ್ಜೆ, ಮಕ್ಕಳಿಗೆ ಬೇಸರ ಬರುವಷ್ಟು ಹೊತ್ತು ಅದೇ ಹೆಜ್ಜೆ. ಮೈ ಕಾದು ಹಣೆಯಲ್ಲಿ ಬೆವರು ಮೂಡಿದ ಮೇಲಷ್ಟೇ ಲಯ ಏರುತ್ತದೆ, ಮದ್ದಲೆಯ ಮೇಲಿನ ಬೆರಳು ಕಾಣದಾಗುತ್ತದೆ, ದೊಡ್ಡ ಹುಡುಗ ಜಿಗಿದು ಮಂಡಿಯೂರಿ ಗಿರ್ರನೆ ತಿರುಗುತ್ತಾನೆ. ಬಡಗುತಿಟ್ಟಿನ ಮಂಡಿ ಎಂದರೆ ಇದೇ: ಮೈಭಾರವೆಲ್ಲ ಮಡಚಿದ ಮೊಣಕಾಲಿನ ಮೇಲೆ, ಅದರ ಜೊತೆಗೇ ತಿರುಗು. ತದಿಂಗಿಣತೋಂ ಎಂದು ಕುಣಿತ ನಿಲ್ಲಿಸುವ ಬಿಡ್ತಿಗೆ ಬಿದ್ದಾಗ ಅವನ ಪಕ್ಕೆ ಒದ್ದೆ ಬನಿಯನ್ನಿನೊಳಗೆ ಏರಿಳಿಯುತ್ತಿರುತ್ತದೆ. ಈಗ ಪದ್ಯದ ಅರ್ಥ ಹೇಳಬೇಕು; ಆ ಮಾತಿನ ಹೊತ್ತೇ ಉಸಿರು ಹಿಡಿಯುವ ಹೊತ್ತು. ಮತ್ತೆ ಪದ್ಯ, ಮತ್ತೆ ಕುಣಿತ.

ನಿನ್ನೆ ಬೆಳಿಗ್ಗೆ ಶಿರಸಿಯ ಜಿಮ್ಮೊಂದರಲ್ಲಿ ಕಂಡದ್ದೂ ಇದೇ ಏರಿಳಿತ. 20 ಸೆಕೆಂಡ್ ಮೈಯೆಲ್ಲ ಕಸುವು ಹಾಕಿ ಜಿಗಿತ, 10 ಸೆಕೆಂಡ್ ಬಿಡುವು, ಹೀಗೆ ಎಂಟು ಸುತ್ತು. ಜಪಾನಿನ ಇಜುಮಿ ತಬಾಟಾ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹೆಸರಾದ ಕ್ರಮವಿದು. ಅಲ್ಲಿ ಗಡಿಯಾರದ ಮಾತು ನಡೆಯುತ್ತದೆ, ಇಲ್ಲಿ ಹಾಡುವ ಭಾಗವತರದು. ಇಂಥದೇ ಕಸುವಿನ ಕ್ರಾಸ್‌ಫಿಟ್ ಥರದ ತಾಲೀಮಿನಲ್ಲಿ 1000 ಗಂಟೆಗೆ ಎರಡರಿಂದ ನಾಲ್ಕರ ಆಸುಪಾಸು ಗಾಯ ಎಂದು ಹಲವು ಅಧ್ಯಯನಗಳು ಲೆಕ್ಕ ಹಾಕಿವೆ. ಪೆಟ್ಟು ಹೆಚ್ಚಾಗಿ ಭುಜಕ್ಕೆ, ಸೊಂಟಕ್ಕೆ, ಮಂಡಿಗೆ. ಹೊಸಬರಿಗೂ ಹಳೆಯ ನೋವು ಇದ್ದವರಿಗೂ ಅಪಾಯ ಜಾಸ್ತಿ, ಪಕ್ಕದಲ್ಲಿ ನಿಂತು ತಿದ್ದುವವರಿದ್ದಲ್ಲಿ ಕಡಿಮೆ. ಈ ಕೊನೆಯ ಮಾತು ಓದಿದ ದಿನ ನನ್ನ ಕಣ್ಣಮುಂದೆ ಬಂದದ್ದು ಮಾಸ್ತರ ಕೈಯಲ್ಲಿನ ಆ ಒಣ ಬಟ್ಟೆ.

ನನ್ನ ಬಲಮಂಡಿ ಊದಿದ್ದು ಹದಿನಾರರ ಹರೆಯದಲ್ಲಿ. ಕಲಿತದ್ದು ಸಗಣಿ ಸಾರಿಸಿದ ಅಂಗಳದಲ್ಲಿ, ಕುಣಿದದ್ದು ಸಿಮೆಂಟಿನ ವೇದಿಕೆಯಲ್ಲಿ, ಅದೂ ನಡುರಾತ್ರಿ ದಾಟಿ, ವೇಷ ಕಟ್ಟುವ ಚೌಕಿಯಲ್ಲಿ ಕೂತು ಕೂತು ಮೈ ತಣ್ಣಗಾದ ಮೇಲೆ. ಜನ ಚಪ್ಪಾಳೆ ಹೊಡೆದರೆಂದು ಇನ್ನೊಂದು ಸುತ್ತು ಹಾಕಿದೆ. ಬೆಳಗಾಗುವಾಗ ಮಂಡಿಚಿಪ್ಪಿನ ಮುಂದಿರುವ ತೆಳುವಾದ ನೀರಚೀಲ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಎಲುಬುಗಳ ನಡುವಿನ ಮೆತ್ತೆ ಹರಿಯದೆ ಉಳಿದದ್ದು ನನ್ನ ಪುಣ್ಯ. ಪೂರ್ತಿ ಮಡಚಿದ ಕಾಲನ್ನು ಭಾರದೊಡನೆ ತಿರುಚಿದರೆ ಹರಿಯುವುದು ಅದೇ.

ಇದೇ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ತೀರಿಕೊಳ್ಳುವವರೆಗೆ ಊರೂರು ತಿರುಗಿ ಹೆಜ್ಜೆ ಕಲಿಸಿದವರು. ಶಿವಮೊಗ್ಗದಲ್ಲಿ ಕಣ್ಣು ಕಾಣದ ಮಕ್ಕಳಿಗೂ ಕುಣಿತ ಕಲಿಸಿದರು. ಘಟ್ಟದ ಕೆಳಗಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗಕ್ಕೆ ಬಂದವರು. ಮೊಬೈಲಿನಲ್ಲಿ ಅವರ ಕುಣಿತ ನೋಡುವ ಹುಡುಗರಿಗೆ ಅರ್ಧ ನಿಮಿಷದ ತುಣುಕು ಕಾಣುತ್ತದೆ, ಅದರ ಹಿಂದಿನ ವರ್ಷಗಳು ಕಾಣುವುದಿಲ್ಲ.

ಅಗೋ, ಯಲ್ಲಾಪುರದ ಹುಡುಗ ಎಡಗಾಲನ್ನು ಸ್ವಲ್ಪ ತಡವಾಗಿ ಎತ್ತುತ್ತಿದ್ದಾನೆ. ನನಗೆ ಕಾಣುವ ಮೊದಲೇ ಮಾಸ್ತರಿಗೆ ಕಂಡಿದೆ. ತಾಳ ನಿಂತಿತು.

“ಎಂತ ಆತು ತಮಾ?”

“ಎಂತ ಇಲ್ಲೆ.”

ಮಾಸ್ತರು ಕುಕ್ಕರುಗಾಲಲ್ಲಿ ಕೂತು, ಮಂಡಿಚಿಪ್ಪಿನ ಕೆಳಗಿನ ಎಲುಬಿನ ಗುಬ್ಬಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಹುಡುಗ ತುಟಿ ಕಚ್ಚಿದ. ಎತ್ತರ ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ತೊಡೆಯ ಸ್ನಾಯು ಎಳೆಯುವುದು ಇನ್ನೂ ಗಟ್ಟಿಯಾಗದ ಆ ಜಾಗವನ್ನೇ. ಜಿಗಿದಷ್ಟೂ ನೋವು, ಬಿಡುವು ಕೊಟ್ಟಷ್ಟೂ ಆರಾಮ.

“ಇಂದು ಮಂಡಿ ಬ್ಯಾಡ. ಕೂತ್ಗಂಡು ತಾಳ ಹಾಕು.”

ಹುಡುಗನ ಮುಖ ಸಣ್ಣದಾಯಿತು. ಗೋಡೆಗೆ ಒರಗಿ, ಕಾಲು ನೀಡಿ ಕೂತು ತಾಳ ಹಿಡಿದ. ಮದ್ದಲೆ ಮತ್ತೆ ಏರಿತು. ಸ್ವಲ್ಪ ಹೊತ್ತಿಗೆ ಅವನ ಹಿಮ್ಮಡಿ ತಾನಾಗಿಯೇ ನೆಲ ಕುಟ್ಟತೊಡಗಿತು; ಮಾಸ್ತರು ಅತ್ತ ತಿರುಗಿದ್ದೇ ತಡ, ನಿಂತಿತು. ಹೊರಗೆ ಮಳೆ ಇನ್ನೂ ಜೋರಾಯಿತು.